ಬೈನೆ ಸರ್ವೋತ್ತಮಣ್ಣನ ಕೂಸು

ಅಲ್ಲ, ಅವರಿಗೆ ಆ ಹೆಸರು ಬಂದದ್ದು ಹೇಗೆ ಅಂತ ಹೇಳದೆ ಮುಂದಕ್ಕೆ ಹೋದರೆ ಉಳಿದದ್ದೆಲ್ಲ ಸಪ್ಪೆಯಾಗುತ್ತದೆ. ಬಹ್ರೈನಿನಲ್ಲಿ ಬರೀ ಸರ್ವೋತ್ತಮ ಅಂತ ಕೇಳಿದರೆ ‘ಯಾವ ಸರ್ವೋತ್ತಮ?’ ಅಂತಾರೆ. ಬೈನೆ ಸರ್ವೋತ್ತಮ ಅಂದರೆ ಸಾಕು, ಮಾಹೂಝ್‌ನ ಫ್ಲಾಟುಗಳಿಂದ ಹಿಡಿದು ಹಿದ್‌ನ ಬಂದರಿನ ಗೇಟಿನ ತನಕ ಊರಿನವರ ಮುಖದಲ್ಲಿ ಒಂದು ನಗು ಹುಟ್ಟುತ್ತದೆ. ಆ ನಗು ಬೈನೆ ಅಂದವರಿಗೆ ಖುಷಿ, ಬೈನೆ ಅನ್ನಿಸಿಕೊಂಡವರಿಗೆ ಅಷ್ಟೇನೂ ಖುಷಿಯಲ್ಲ. ಈ ಕತೆ ಆ ಎರಡನೆಯವರದ್ದು.

ಸರ್ವೋತ್ತಮಣ್ಣ ಹೆಬ್ರಿ ಕಡೆಯವರು. ತೊಂಬತ್ತೊಂಬತ್ತರಲ್ಲಿ ಬಹ್ರೈನಿಗೆ ಬಂದು ಹಿದ್‌ನ ಒಂದು ಮರದ ಯಾರ್ಡಿಗೆ ಸೇರಿಕೊಂಡರು. ಆಗ ಯಾರ್ಡಿನ ಧನಿ ಈಗಿನ ರಾಶಿದ್ ಅಲ್ಲ, ರಾಶಿದ್‌ನ ಅಪ್ಪ. ಎಲ್ಲರೂ ಅವರನ್ನು ಅರ್ಬಾಬ್ ಅನ್ನುತ್ತಿದ್ದರು. ಮೊದಲನೇ ದಿನ ಅರ್ಬಾಬ್ ಈ ಹೊಸ ಹುಡುಗನನ್ನು ಕರೆದುಕೊಂಡು ಹೋಗಿ, ಮನೆಯಷ್ಟು ಎತ್ತರಕ್ಕೆ ಒಟ್ಟಿದ್ದ ಬಿಳಿ ಹಲಗೆಗಳ ಕಟ್ಟುಗಳನ್ನು ತಟ್ಟಿ ತಟ್ಟಿ ತೋರಿಸಿ, ಎಲ್ಲ ಬೈನ್, ಎಲ್ಲ ಬೈನ್, ಹಿಮದ ದೇಶದಿಂದ ಹಡಗಿನಲ್ಲಿ ಬರುವುದು ಅಂದರು. ಅರಬ್ಬೀ ಬಾಯಿಗೆ ‘ಪ’ ಸುಲಭಕ್ಕೆ ಬರುವುದಿಲ್ಲ. ಅಲ್ಲಿ ಪೆಪ್ಸಿ ಬೆಬ್ಸಿಯಾಗುತ್ತದೆ, ಪಾರ್ಕಿಂಗ್ ಬಾರ್ಕಿಂಗ್ ಆಗುತ್ತದೆ. ಪೈನ್ ಬೈನ್ ಆಗದೆ ಇನ್ನೆಂತ ಆಗಬೇಕು? ಆದರೆ ಹೆಬ್ರಿಯ ಹುಡುಗನಿಗೆ ಅದೆಲ್ಲ ಗೊತ್ತಿಲ್ಲ. ಅವನಿಗೆ ಕೇಳಿಸಿದ್ದು ಬೈನೆ.

ಊರಿನ ಬೈನೆ ಮರ ನೋಡದವರು ಯಾರುಂಟು? ಮೀನಿನ ಬಾಲದ ಹಾಗಿನ ಎಲೆ, ಜಡೆ ಇಳಿಬಿಟ್ಟ ಹಾಗಿನ ಹೂವು, ಆನೆಗೆ ಪ್ರೀತಿ, ಕಳ್ಳು ಕುಡಿಯುವವರಿಗೆ ಇನ್ನೂ ಪ್ರೀತಿ. ಸರ್ವೋತ್ತಮಣ್ಣನಿಗೆ ಸಂಶಯ ಬರಲಿಲ್ಲ ಅಂತ ಅಲ್ಲ. ಬೈನೆಯ ದಿಂಡು ಕಪ್ಪು, ಇದು ಬಿಳಿ. ಬೈನೆಗೆ ಗಂಟೇ ಇಲ್ಲ, ಇದರಲ್ಲಿ ಮೈತುಂಬ ಗಂಟು. ಆದರೆ ಚಳಿಯ ದೇಶದಲ್ಲಿ ಮನುಷ್ಯರೇ ಅಷ್ಟು ಬೆಳ್ಳಗಿರುವಾಗ ಬೈನೆ ಬೆಳ್ಳಗಿರಬಾರದಾ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡರು. ರೂಮಿನಲ್ಲಿ ಎಲ್ಲರಿಗೂ ಗಂಭೀರವಾಗಿ ವಿವರಿಸಿದರು. ಊರಿಗೆ ಫೋನು ಮಾಡಿದಾಗಲೂ ಹೇಳಿದರು. ಒಂದೆರಡು ವರ್ಷ ಇದು ಹಾಗೆಯೇ ನಡೆಯಿತು.

ಮದುವೆಯ ಮಾತುಕತೆ ಬಂದಾಗಲೇ ಪೇಚಾಟ ಶುರುವಾದದ್ದು. ಹುಡುಗಿ ಕಾರ್ಕಳದ ಪಂಕಜಾಕ್ಷಿ. ಹುಡುಗನಿಗೆ ಗಲ್ಫಿನಲ್ಲಿ ಎಂತ ಕೆಲಸ ಅಂತ ಹುಡುಗಿಯ ಅಪ್ಪ ವಿಚಾರಿಸಿದರು. ಹಿಮ ಬೀಳುವಲ್ಲಿಂದ ಹಡಗಿನಲ್ಲಿ ಬರುವ ಬೈನೆ ಮರದ ಉಸ್ತುವಾರಿ ಅಂತ ಉತ್ತರ ಹೋಯಿತು. ಆ ಮನುಷ್ಯ ತುಂಬ ಹೊತ್ತು ಯೋಚಿಸಿ, ಹಿಮದಲ್ಲಿ ಬೈನೆ ಬೆಳೆಯುವುದಿಲ್ಲ, ಒಂದಾ ಹುಡುಗ ಸುಳ್ಳು ಹೇಳುತ್ತಿದ್ದಾನೆ, ಇಲ್ಲದಿದ್ದರೆ ಬೈನೆ ಅವನ ಹೊಟ್ಟೆಯೊಳಗೆ ಇಳಿದಿದೆ ಅಂದರಂತೆ. ಮದುವೆ ಮುರಿಯುವ ಹಂತಕ್ಕೆ ಬಂತು. ಆಗ ಮಧ್ಯೆ ಬಂದದ್ದು ಸರ್ವೋತ್ತಮಣ್ಣನ ರೂಮಿನ ತಾರಾನಾಥ. ಸಲ್ಮಾನಿಯಾದ ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ, ನಾಲ್ಕು ಭಾಷೆಯಲ್ಲಿ ಮಿಮಿಕ್ರಿ. ಅವನು ಕಾರ್ಕಳಕ್ಕೆ ಫೋನು ಹಚ್ಚಿ, ಅದು ಬೈನೆ ಅಲ್ಲ ಮಾವ, ಪೈನ್, ಇವನ ಕಿವಿ ಮತ್ತು ಅರಬ್ಬಿಯ ಬಾಯಿ ಎರಡೂ ಸೇರಿ ಹೀಗಾದದ್ದು ಅಂತ ಬಿಡಿಸಿ ಹೇಳಿದ. ಮದುವೆಯಾಯಿತು. ಆದರೆ ಮದುವೆ ಉಳಿಸಿದವನೇ ಹೆಸರನ್ನೂ ಅಂಟಿಸಿದ. ಅಂದಿನಿಂದ ಇಂದಿನ ತನಕ ಊರಿನವರು ಸೇರಿದಲ್ಲೆಲ್ಲ ಮೈಕು ಹಿಡಿಯುವುದು ತಾರಾನಾಥ, ಮೈಕು ಹಿಡಿದಾಗಲೆಲ್ಲ ಬೈನೆಯ ಕತೆ ಒಂದು ಸಲ ಆಗಲೇಬೇಕು.

ಸರ್ವೋತ್ತಮಣ್ಣ ಇಷ್ಟು ವರ್ಷ ನಕ್ಕು ಸುಮ್ಮನಿದ್ದರು. ಸುಮ್ಮನಿರಲು ಆಗದೆ ಹೋದದ್ದು ಈಚೆಗೆ, ಮಗಳು ಅನಿಷಾ ಶಾಲೆಯಿಂದ ಬಂದು ಒಂದು ಪ್ರಶ್ನೆ ಕೇಳಿದಾಗ. ಅವಳ ಜೊತೆಯ ಹುಡುಗಿಯೊಬ್ಬಳಿಗೆ ಮನೆಯಲ್ಲಿ ಯಾರೋ ಈ ಕತೆ ಅರ್ಧ ಹೇಳಿದ್ದರು. ಅಪ್ಪನ ಹೆಸರು ಕಳ್ಳಿನ ಮರದ್ದಾ, ಅಪ್ಪನಿಗೆ ತಾನು ಮಾರುವ ಮರ ಯಾವುದು ಅಂತಲೇ ಗೊತ್ತಿಲ್ಲವಾ ಅಂತ ಆ ಹುಡುಗಿ ಕೇಳಿದಳಂತೆ. ಅನಿಷಾ ಇದನ್ನು ಇಂಗ್ಲಿಷಿನಲ್ಲಿ, ಮೊಬೈಲು ನೋಡುತ್ತಲೇ ಹೇಳಿದಳು. ಸರ್ವೋತ್ತಮಣ್ಣ ಮಾತ್ರ ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಗೇ ವಾಪಸು ಇಟ್ಟರು. ಊರಿನವರು ನಗಲಿ, ಮಗಳು ತಲೆ ತಗ್ಗಿಸುವ ಹಾಗೆ ಆಗಬಾರದು. ಈ ಹೆಸರನ್ನು ಕಳಚಿ ಹಾಕಲೇಬೇಕು ಅಂತ ಅವರು ನಿರ್ಧಾರ ಮಾಡಿದ್ದು ಅವತ್ತು.

ದಾರಿಯೂ ಮನೆಯೊಳಗಿನಿಂದಲೇ ಸಿಕ್ಕಿತು. ಪಂಕಜಾಕ್ಷಿ ವಾರದ ದಿನಗಳಲ್ಲಿ ಮನಾಮದ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಾರೆ, ಶುಕ್ರವಾರ ಒಂದು ಬಾಡಿಗೆಯ ಹಾಲ್‌ನಲ್ಲಿ ಊರಿನ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಈ ಸಲ ಪ್ರತಿ ಶುಕ್ರವಾರ ಒಬ್ಬ ಅಪ್ಪನೋ ಅಮ್ಮನೋ ಬಂದು ತಮ್ಮ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು ಅಂತ ಗೊತ್ತು ಮಾಡಿದ್ದರು. ಗಂಡನ ಹೆಸರನ್ನು ಅವರು ಹಾಕಿರಲಿಲ್ಲ, ಹಾಕಿದರೆ ಕೋಪ ಮಾಡಿಕೊಂಡಾರು ಅಂತ. ಗಂಡ ತಾನೇ ಬಂದು, ಬರುವ ಶುಕ್ರವಾರ ನಾನು ಮಾತಾಡುತ್ತೇನೆ, ಬಡಗು ದಿಕ್ಕಿನ ಹಿಮದ ಕಾಡುಗಳ ಬಗ್ಗೆ ಹೇಳುತ್ತೇನೆ, ಆದರೆ ತಾರಾನಾಥನ ಕೈಗೆ ಮೈಕು ಕೊಡಬಾರದು ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಭಾಷಣದ ಮುಖ್ಯ ವಾಕ್ಯ ಒಂದೇ: ಇದು ಬೈನೆ ಅಲ್ಲ ಮಕ್ಕಳೇ, ಪೈನ್. ಅದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ಎಲ್ಲರ ಎದುರು ಒಂದು ಸಲ ಹೇಳಿಬಿಟ್ಟರೆ ಮುಗಿಯಿತು ಅಂತ ಸರ್ವೋತ್ತಮಣ್ಣನ ಲೆಕ್ಕ. ತೊಂದರೆ ಎಲ್ಲಿ ಬಂತು ಅಂದರೆ, ಇಪ್ಪತ್ತೈದು ವರ್ಷ ಅರ್ಬಾಬನ ಮನೆಯವರ ಜೊತೆ ಮಾತಾಡಿ ಮಾತಾಡಿ ಇವರ ನಾಲಿಗೆಯೂ ತಿರುಗಿಹೋಗಿತ್ತು. ಊಟಕ್ಕೆ ಕೂತು ಹೇಳಿ ನೋಡಿದರು. ಬಂದದ್ದು ಬೈನ್. ಪಂಕಜಾಕ್ಷಿ ಸಾರಿನ ಸೌಟು ಕೆಳಗಿಟ್ಟು ನಕ್ಕರು. ಅನಿಷಾ ಪಾಠಕ್ಕೆ ನಿಂತಳು. ಒಂದು ಟಿಶ್ಯೂ ಪೇಪರನ್ನು ಅಪ್ಪನ ತುಟಿಯ ಎದುರು ಹಿಡಿದು, ಪೇಪರು ಹಾರಿದರೆ ಅದು ‘ಪ’, ಹಾರದಿದ್ದರೆ ಅದು ‘ಬ’ ಅಂದಳು. ಆ ವಾರವೆಲ್ಲ ಮಾಹೂಝ್‌ನ ಆ ಫ್ಲಾಟಿನಲ್ಲಿ ಟಿಶ್ಯೂ ಹಾರಿತು. ಯಾರ್ಡಿನಲ್ಲಿಯೂ ಕಟ್ಟುಗಳ ನಡುವೆ ನಿಂತು ಪ್ಪೈನ್ ಪ್ಪೈನ್ ಅಂತ ಊದುವ ಸರ್ವೋತ್ತಮಣ್ಣನನ್ನು ನೋಡಿ, ಫೋರ್ಕ್‌ಲಿಫ್ಟ್ ಓಡಿಸುವ ನವಾಝ್ ಇವರಿಗೆ ದಮ್ಮು ಹಿಡಿದಿದೆ ಅಂತ ಬಿಸಿನೀರು ತಂದುಕೊಟ್ಟ.

ಬುಧವಾರದ ಹೊತ್ತಿಗೆ ‘ಪ’ ಪೂರ್ತಿ ಕೈವಶವಾಗಿತ್ತು. ಗುರುವಾರ ಬೆಳಿಗ್ಗೆ ರಾಶಿದ್ ಒಬ್ಬ ಹೆಂಗಸನ್ನು ಕಾರಿನಲ್ಲಿ ಕೂರಿಸಿಕೊಂಡು ಯಾರ್ಡಿಗೆ ಬಂದ.

ಅವರ ಹೆಸರು ಪಿರ್ಕೋ. ಫಿನ್‌ಲ್ಯಾಂಡಿನವರು, ಯಾರ್ಡಿಗೆ ಹಲಗೆ ಕಳಿಸುವ ಸಾಮಿಲ್ಲಿನಲ್ಲಿ ಕಾಡಿನ ಕಡೆಯ ಕೆಲಸ. ತಮ್ಮ ಮರ ಕೊಂಡವರು ಅದನ್ನು ಎಂತ ಮಾಡುತ್ತಾರೆ ಅಂತ ನೋಡಲು ಒಂದೊಂದೇ ದೇಶ ಸುತ್ತುತ್ತಿದ್ದರು. ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಇಂಗ್ಲಿಷು ಸರ್ವೋತ್ತಮಣ್ಣನದ್ದರ ಹಾಗೆಯೇ, ಬೇಕಾದಷ್ಟು ಉಂಟು, ಹೆಚ್ಚು ಇಲ್ಲ. ಬಂದವರೇ ಹತ್ತಿರದ ಕಟ್ಟಿಗೆ ಮೂಗು ಹಚ್ಚಿ ವಾಸನೆ ನೋಡಿದರು. ಹಾಗೆ ಮಾಡುವವರು ತಾನೊಬ್ಬನೇ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದ ಸರ್ವೋತ್ತಮಣ್ಣನಿಗೆ ಆಕೆಯ ಮೇಲೆ ಅಲ್ಲಿಯೇ ವಿಶ್ವಾಸ ಬಂತು.

ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಕ್ಕೀತು? ಅವರು ಬಿಳಿ ಹಲಗೆಯೊಂದನ್ನು ತಟ್ಟಿ, ತುಟಿ ಬಿಗಿದು, ವಾರದ ಅಭ್ಯಾಸವನ್ನೆಲ್ಲ ಒಟ್ಟು ಮಾಡಿ ಪೈನ್ ಅಂದರು. ಟಿಶ್ಯೂ ಇದ್ದಿದ್ದರೆ ಸಮುದ್ರ ದಾಟುತ್ತಿತ್ತು.

ಪಿರ್ಕೋ ತಲೆ ಅಲ್ಲಾಡಿಸಿದರು. ಅದೇ ಹಲಗೆ ತಟ್ಟಿ, “ಕೂಸಿ” ಅಂದರು.

ಸರ್ವೋತ್ತಮಣ್ಣನಿಗೆ ಒಂದು ಕ್ಷಣ ಹಿದ್, ಹೆಬ್ರಿ ಎಲ್ಲ ಒಂದೇ ಆಯಿತು. ಈ ಹೆಂಗಸಿಗೆ ಕನ್ನಡ ಹೇಗೆ ಬಂತು? ಬಂದರೂ, ಇಷ್ಟು ಬೇಗ ಕೂಸು ಎಷ್ಟು ಅಂತ ಯಾಕೆ ಕೇಳುತ್ತಾರೆ? ಆದರೂ ಕೇಳಿದ ಮೇಲೆ ಹೇಳದಿರುವುದು ಮರ್ಯಾದೆಯಲ್ಲ. ಒಬ್ಬಳೇ, ಹೆಣ್ಣು, ಎಂಟನೇ ಕ್ಲಾಸು ಅಂತ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಪಿರ್ಕೋ ರಾಶಿದ್‌ನ ಮುಖ ನೋಡಿದರು. ರಾಶಿದ್ ಆಕಾಶ ನೋಡಿದ. ಆಕೆ ಇನ್ನೊಂದು ಪ್ರಯತ್ನ ಮಾಡಿ, ಬದಿಯಲ್ಲಿದ್ದ ಪದರ ಪದರದ ಪ್ಲೈವುಡ್ ತೋರಿಸಿ “ಕೊಯ್ವು” ಅಂದರು. ಇದು ಸರ್ವೋತ್ತಮಣ್ಣನಿಗೆ ಸುಲಭವಾಗಿ ಅರ್ಥವಾಯಿತು. ಕೊಯ್ಯುತ್ತೇವೆ, ಎಷ್ಟು ಉದ್ದಕ್ಕೆ ಬೇಕೋ ಅಷ್ಟಕ್ಕೆ ಕೊಯ್ದು ಕೊಡುತ್ತೇವೆ ಅಂತ ಹೇಳಿ ಆಕೆಯನ್ನು ಗರಗಸದ ಮೆಶಿನಿನ ಹತ್ತಿರವೇ ಕರೆದುಕೊಂಡು ಹೋದರು.

ಗಂಟು ಬಿಡಿಸಲು ಒಂದು ಲೋಟ ಕರಕ್ ಚಾ ಬೇಕಾಯಿತು. ಯಾರ್ಡಿನ ಮೂಲೆಯ ಕ್ಯಾಬಿನ್ನಿನಲ್ಲಿ ಎಸಿ ಹಾಕಿ ಕೂತ ಮೇಲೆ ಪಿರ್ಕೋ ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಕೂಸಿ ಅಂದರೆ ಅವರ ಭಾಷೆಯಲ್ಲಿ ಒಂದು ಮರ, ಇಂಗ್ಲಿಷಿನಲ್ಲಿ ಸ್ಪ್ರೂಸ್. ಅರ್ಧ ಮಡಚಿದ ಕೊಡೆಯ ಹಾಗೆ ಕೊಂಬೆಗಳೆಲ್ಲ ಕೆಳಕ್ಕೆ ಬಾಗಿಕೊಂಡು, ಹಿಮ ಬಿದ್ದರೆ ಜಾರಿ ಹೋಗಬೇಕು ಹಾಗೆ ನಿಂತಿತ್ತು. ಕೊಯ್ವು ಇನ್ನೊಂದು ಮರ, ಬರ್ಚ್, ಬಿಳಿ ತೊಗಟೆಯದ್ದು, ಪ್ಲೈವುಡ್ ಅದರದ್ದು. ಪೈನ್ ಇದ್ದೇ ಇದೆ, ಅದು ಬೇರೆ, ಮೇಲೆ ಹೋದ ಹಾಗೆ ಮೈ ಕೆಂಪಾಗುವ ಮರ. ಯಾರ್ಡಿನಲ್ಲಿರುವ ಕೆಂಪು ಛಾಯೆಯ, ರಾಳದ ವಾಸನೆಯ ಹಲಗೆ ಪೈನ್. ಉಳಿದದ್ದು, ಅಂದರೆ ಹೆಚ್ಚಿನದ್ದೆಲ್ಲ, ಕೂಸಿ.

ಸರ್ವೋತ್ತಮಣ್ಣ ಚಾದ ಲೋಟವನ್ನು ಮೆಲ್ಲ ಕೆಳಗಿಟ್ಟರು. ಕೈಗೆ ವ್ಯತ್ಯಾಸ ಗೊತ್ತಿತ್ತು. ಬಿಳಿ ಬೈನ್, ಕೆಂಪು ಬೈನ್ ಅಂತ ಬೇರೆ ಬೇರೆಯೇ ಒಟ್ಟಿಸುತ್ತಿದ್ದರು. ಆದರೆ ಬಿಳಿಯದ್ದು ಬೈನೇ ಅಲ್ಲ ಅಂತ ಯಾರೂ ಹೇಳಿರಲಿಲ್ಲ. ಮೊದಲು ಬೈನೆ ಅಂದದ್ದು ತಪ್ಪು. ತಿದ್ದಿಕೊಂಡು ಪೈನ್ ಅಂದದ್ದೂ ಮುಕ್ಕಾಲು ತಪ್ಪು. ರಾಶಿದ್‌ನಿಗೆ ಇದರಲ್ಲಿ ತಲೆಬಿಸಿ ಮಾಡುವಂಥದ್ದು ಏನೂ ಕಾಣಲಿಲ್ಲ. ಅಪ್ಪ ಬೈನ್ ಅಂದರು, ಗಿರಾಕಿಯೂ ಬೈನ್ ಅನ್ನುತ್ತಾನೆ, ಮನೆ ಕಟ್ಟುವವನಿಗೆ ಹಲಗೆ ಬೇಕು, ಅದರ ಜಾತಕ ಬೇಡ ಅಂತ ಹಿಂದಿಯಲ್ಲಿ ಹೇಳಿ ಫೋನು ಹಿಡಿದು ಹೊರಗೆ ಹೋದ.

ಪಿರ್ಕೋ ಕೂತೇ ಇದ್ದರು. ಸರ್ವೋತ್ತಮಣ್ಣನಿಗೆ ಕೇಳಲು ಇಪ್ಪತ್ತೈದು ವರ್ಷದ ಪ್ರಶ್ನೆಗಳಿದ್ದವು. ಯಾಕೆಂದರೆ ಅವರು ಆ ಮರಗಳನ್ನು ಮಲಗಿದ್ದು ಮಾತ್ರ ನೋಡಿದವರು, ನಿಂತದ್ದು ಒಂದನ್ನೂ ನೋಡಿದವರಲ್ಲ. ಮೊದಲು ಕೇಳಿದ್ದು, ಅಷ್ಟು ಮರಕ್ಕೆ ನೀರು ಬಿಡುವುದು ಯಾರು ಅಂತ. ತೋಟ ಇದ್ದ ಮನೆಯ ಯಾರೇ ಆದರೂ ಅದನ್ನೇ ಮೊದಲು ಕೇಳುವುದು. ಪಿರ್ಕೋ ಜೋರಾಗಿ ನಕ್ಕು, ಯಾರೂ ಬಿಡುವುದಿಲ್ಲ, ಹಿಮ ಕರಗಿದ ನೀರು ಸಾಕು ಅಂದರು. ಬೇಸಿಗೆ ಸಣ್ಣದು, ಆ ಸಣ್ಣ ಬೇಸಿಗೆಯಲ್ಲಿ ರಾತ್ರಿಯೂ ಬೆಳಕಿರುತ್ತದೆ, ಮರ ಅಷ್ಟರಲ್ಲೇ ಒಂದಿಷ್ಟು ಬೆಳೆದು ಮತ್ತೆ ನಿದ್ದೆ ಹೋಗುತ್ತದೆ. ಅದಕ್ಕೇ ಗೆರೆಗಳು ಅಷ್ಟು ಹತ್ತಿರ ಹತ್ತಿರ, ಅದಕ್ಕೇ ಹಲಗೆ ಹಗುರ ಇದ್ದರೂ ಗಟ್ಟಿ.

ಮತ್ತೆ ಆಕೆ ಹೇಳಿದ್ದು ಸರ್ವೋತ್ತಮಣ್ಣನಿಗೆ ತುಂಬ ಇಷ್ಟವಾಯಿತು. ಬೆಂಕಿ ಬಿದ್ದ ಜಾಗದಲ್ಲಿ, ಕಡಿದ ಜಾಗದಲ್ಲಿ ಮೊದಲು ಬರುವುದು ಕೊಯ್ವು. ಅದಕ್ಕೆ ಬಿಸಿಲು ಬೇಕು, ಸರಸರ ಏಳುತ್ತದೆ. ಅದರ ನೆರಳಿನಲ್ಲಿ ಕೂಸಿ ಮೆಲ್ಲ ಮೊಳೆಯುತ್ತದೆ. ಕೂಸಿಗೆ ನೆರಳು ಆಗುತ್ತದೆ, ಅವಸರವಿಲ್ಲ. ಆಕೆಯ ಅಜ್ಜನ ಕಾಲದಲ್ಲಿ ಕೊಯ್ವನ್ನು ಕಳೆ ಅಂತ ಕಿತ್ತು ಬಿಸಾಡುತ್ತಿದ್ದರಂತೆ. ಈಗ ಎರಡೂ ಬೆರೆತಿರಬೇಕು ಅನ್ನುತ್ತಾರೆ, ಬೆರೆತರೆ ಹಕ್ಕಿ ಹೆಚ್ಚು, ಮಣ್ಣು ಒಳ್ಳೆಯದು, ಕೂಸಿಯ ತೊಗಟೆ ಕೊರೆಯುವ ಹುಳಕ್ಕೆ ಒಂದರಿಂದ ಇನ್ನೊಂದಕ್ಕೆ ಹಾರಲು ಕಷ್ಟ. ಈಚೆಗೆ ಬೇಸಿಗೆ ಬಿಸಿಯಾಗಿ ಆ ಹುಳದ ಹಾವಳಿ ಜಾಸ್ತಿ. ಎಷ್ಟು ಕಡಿಯಬೇಕು, ಎಷ್ಟು ಬಿಡಬೇಕು ಅಂತ ಅಲ್ಲಿಯೂ ಜನ ಜಗಳ ಮಾಡುತ್ತಾರಂತೆ, ಆಕೆಯ ಮನೆಯಲ್ಲೇ ಅಣ್ಣ ಒಂದು ಪಕ್ಷ, ಆಕೆ ಒಂದು ಪಕ್ಷ. ಕಾಡು ಅಂದರೆ ಅಲ್ಲಿ ಹೆಚ್ಚಾಗಿ ಸಣ್ಣ ಸಣ್ಣ ಕುಟುಂಬಗಳದ್ದು, ನಮ್ಮ ತೋಟದ ಹಾಗೆ. ಅಜ್ಜ ನೆಟ್ಟದ್ದನ್ನು ತಾನು ಮಾರಿದೆ, ತಾನು ನೆಟ್ಟದ್ದು ಮೊಮ್ಮಕ್ಕಳಿಗೆ ಅಂತ ಆಕೆ ಸಹಜವಾಗಿ ಹೇಳಿದಾಗ ಸರ್ವೋತ್ತಮಣ್ಣ ಆಕೆಗೆ ಇನ್ನೊಂದು ಲೋಟ ಚಾ ತರಿಸಿದರು.

ಸಂಜೆ ಮನೆಗೆ ಬಂದವರ ಮುಖದಲ್ಲಿ ಎರಡು ಬಣ್ಣ ಇತ್ತು. ಕಾಡಿನ ಸುದ್ದಿ ಹೇಳುವಾಗ ಒಂದು, ನಾಳೆಯ ನೆನಪಾದಾಗ ಇನ್ನೊಂದು. ಅನಿಷಾ ಟಿಶ್ಯೂ ಹಿಡಿದು ಕೊನೆಯ ಅಭ್ಯಾಸಕ್ಕೆ ಬಂದಳು. ಅವರು ಬೇಡ ಅಂದರು. ಪಂಕಜಾಕ್ಷಿಗೆ ವಿಷಯ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಈಗ ಎಂತ ಮಾಡ್ತೀರಿ?” ಅಂತ ಕೇಳಿದರು.

“ಪೈನ್ ಅಂತಲೇ ಹೇಳಿದ್ರೆ ಯಾರಿಗೆ ಗೊತ್ತಾಗ್ತದೆ, ಪಂಕಜ? ಹಾಲ್‌ನಲ್ಲಿ ಇರುವವರಿಗೆ ಎಲ್ಲ ಒಂದೇ.”

“ಯಾರಿಗೂ ಗೊತ್ತಾಗೂದಿಲ್ಲ.”

“ಸರಿ ಹೆಸರು ಹೇಳಿದ್ರೆ ತಾರಾನಾಥ ಬಿಡ್ತಾನಾ? ಒಂದು ತಪ್ಪಿಗೇ ಇಷ್ಟು ವರ್ಷ ಮೈಕಿನಲ್ಲಿ ಕುಣಿದ. ಎರಡನೇದು ಸಿಕ್ಕಿದ್ರೆ ಅವನಿಗೆ ಪೆನ್ಶನ್ ತನಕ ಸಾಕು.”

ಪಂಕಜಾಕ್ಷಿ ಬಟ್ಟೆ ಮಡಚುತ್ತಾ, ತಾನು ಕಾರ್ಕಳದಲ್ಲಿ ಈ ಮದುವೆಗೆ ಒಪ್ಪಿದ್ದು ತಾರಾನಾಥನ ಫೋನಿನಿಂದ ಅಲ್ಲ ಅಂದರು. ಅದಕ್ಕಿಂತ ಮೊದಲೇ ಒಪ್ಪಿದ್ದರಂತೆ. ಹಿಮದಲ್ಲಿ ಬೈನೆ ಬೆಳೆಯುತ್ತದೆ ಅಂತ ಒಬ್ಬ ಮನುಷ್ಯ ಅಷ್ಟು ನಂಬಿಕೆಯಿಂದ ಹೇಳುವುದಾದರೆ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಅನಿಸಿತ್ತಂತೆ. ಇಷ್ಟು ವರ್ಷದಲ್ಲಿ ಈ ಮಾತು ಸರ್ವೋತ್ತಮಣ್ಣ ಕೇಳಿದ್ದು ಅವತ್ತೇ ಮೊದಲು. ನಾಳೆ ಎಂತ ಹೇಳುವುದು ಅಂತ ಮಾತ್ರ ಇಬ್ಬರೂ ತೀರ್ಮಾನ ಮಾಡಲಿಲ್ಲ.

ಶುಕ್ರವಾರ ಹಾಲ್‌ಗೆ ಹೋದಾಗ ಮೈಕಿನ ಹತ್ತಿರ ನಿಂತದ್ದು ತಾರಾನಾಥ. ಯಾರೂ ಕರೆದದ್ದಲ್ಲ. ಸ್ಪೀಕರು ಅವನದ್ದೇ, ಸ್ಪೀಕರು ಹೋದಲ್ಲಿ ಅವನೂ ಹೋಗುತ್ತಾನೆ. ಪಂಕಜಾಕ್ಷಿ ಕಣ್ಣು ದೊಡ್ಡದು ಮಾಡಿದರೂ ಅವನು ನೋಡದ ಹಾಗೆ, ಈಗ ನಮ್ಮೆದುರು ಮಾತಾಡುವವರು ಬಹ್ರೈನಿನ ಏಕೈಕ ಬೈನೆ ತಜ್ಞರು ಅಂತ ಶುರು ಮಾಡಿ, ಅರ್ಬಾಬ್, ಹಡಗು, ಕಾರ್ಕಳದ ಮಾವ ಎಲ್ಲವನ್ನೂ ಸ್ವರ ಸಮೇತ ಮುಗಿಸಿಯೇ ಬಿಟ್ಟ. ದೊಡ್ಡವರು ಎಂದಿನ ಹಾಗೆ ನಕ್ಕರು. ಮಕ್ಕಳು ನಕ್ಕರು. ಎರಡನೇ ಸಾಲಿನಲ್ಲಿ ಅನಿಷಾ ನಗಲಿಲ್ಲ, ತನ್ನ ಚಪ್ಪಲಿ ನೋಡಿಕೊಂಡು ಕೂತಿದ್ದಳು. ಅದು ಅಪ್ಪನಿಗೆ ಕಂಡಿತು.

ಸರ್ವೋತ್ತಮಣ್ಣ ಎರಡು ತುಂಡು ಹಲಗೆ ತಂದಿದ್ದರು. ಮೊದಲು ಕೆಂಪು ಛಾಯೆಯದ್ದನ್ನು ಎತ್ತಿ ತೋರಿಸಿ ಇದು ಪೈನ್ ಅಂದರು. ‘ಪ’ ಚಂದಕ್ಕೆ ಬಂತು. ಇನ್ನು ಬಿಳಿ ತುಂಡನ್ನು ಎತ್ತಬೇಕು. ಎತ್ತಿದರು. ಇದೂ ಅದೇ ಅಂತ ಹೇಳಿ ಮುಂದಕ್ಕೆ ಹೋಗಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಸಹ. ಅಷ್ಟರಲ್ಲಿ ಅನಿಷಾ ತಲೆ ಎತ್ತಿ ನೋಡಿದಳು, ಹಲಗೆಯನ್ನಲ್ಲ, ಅಪ್ಪನನ್ನು.

“ಇದು ಪೈನ್ ಅಲ್ಲ,” ಅಂದರು ಸರ್ವೋತ್ತಮಣ್ಣ. “ಇದನ್ನು ನಾನು ಇಷ್ಟು ವರ್ಷ ಪೈನ್ ಅಂತ ಹೇಳ್ತಾ ಇದ್ದೆ. ನಿನ್ನೆ ಬೆಳಿಗ್ಗೆ ತನಕ. ಇದರ ಹೆಸರು ಕೂಸಿ. ನಾನು ಅದನ್ನೂ ಕೂಸು ಅಂತ ಕೇಳಿಸಿಕೊಂಡು, ನನಗೆ ಒಬ್ಬಳೇ ಮಗಳು ಅಂತ ಉತ್ತರ ಕೊಟ್ಟೆ.”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಇದು ತಾರಾನಾಥ ನಗಿಸಿದ ನಗು ಅಲ್ಲ. ಅವರೇ ಕೊಟ್ಟದ್ದು, ಅದಕ್ಕೆ ಅವರೂ ಸೇರಿ ನಕ್ಕರು. ಗರಗಸದ ಹತ್ತಿರ ಕರೆದುಕೊಂಡು ಹೋದದ್ದನ್ನೂ ಹೇಳಿದರು. ನಗು ಇಳಿಯುವ ಹೊತ್ತಿಗೆ ಎಲ್ಲ ಮಕ್ಕಳಿಗೆ ಕೂಸಿ, ಕೊಯ್ವು ಬಾಯಿಪಾಠವಾಗಿತ್ತು, ಮತ್ತೆ ಮಾತು ತಾನಾಗಿ ಹೋಯಿತು.

ಭೂಮಿಯ ಬಡಗಿನಲ್ಲಿ ನಾರ್ವೆಯಿಂದ ಹಿಡಿದು ರಷ್ಯಾ ದಾಟಿ ಕೆನಡಾದ ಆಚೆ ತನಕ ಒಂದು ಹಸಿರು ಮುಂಡಾಸಿನ ಹಾಗೆ ಕಾಡು ಸುತ್ತಿಕೊಂಡಿದೆ ಅಂದರು. ಅಲ್ಲಿ ಚಳಿಗೆ ಬಿದ್ದ ಎಲೆಯೂ ಬೇಗ ಕೊಳೆಯುವುದಿಲ್ಲ, ಅದಕ್ಕೇ ಗಾಳಿಗೆ ಸೇರಬೇಕಾದ ಎಷ್ಟೋ ಇಂಗಾಲ ಅಲ್ಲಿಯ ಮಣ್ಣಿನೊಳಗೇ ಕೂತಿದೆ, ಆ ಮಣ್ಣು ಕೆಟ್ಟರೆ ಬಹ್ರೈನಿನ ಸೆಕೆ ಇನ್ನೂ ಹೆಚ್ಚಾಗುತ್ತದೆ ಅಂದರು. ಮಕ್ಕಳಿಗೆ ಸೆಕೆ ಚೆನ್ನಾಗಿ ಅರ್ಥವಾಯಿತು. ದೊಡ್ಡವರಿಗೆ ತೆಂಗಿನ ಮರದ ಲೆಕ್ಕ ಹೇಳಿದರು. ಊರಿನಲ್ಲಿ ತೆಂಗಿನ ಗರಿ, ಸಿಪ್ಪೆ, ಕರಟ ಯಾವುದನ್ನೂ ಬಿಸಾಡುವುದಿಲ್ಲವಲ್ಲ, ಕೂಸಿಯೂ ಹಾಗೆಯೇ. ಬುಡ ಹಲಗೆಗೆ, ತುದಿ ಕಾಗದಕ್ಕೆ ಮತ್ತು ರಟ್ಟಿಗೆ, ತೊಗಟೆ ಒಲೆಗೆ, ಆ ಒಲೆಯ ಬಿಸಿಯಲ್ಲಿ ಹಲಗೆ ಒಣಗಿಸುವುದು, ಗರಗಸದ ಹುಡಿಯನ್ನೂ ಒತ್ತಿ ಉಂಡೆ ಮಾಡಿ ಮನೆ ಬೆಚ್ಚಗಿಡಲು. ಕಾಡಿನಲ್ಲಿ ಒಂದಷ್ಟು ಸತ್ತ ಮರವನ್ನು ಮಾತ್ರ ಹಾಗೆಯೇ ಬಿಡಬೇಕು, ಅದರೊಳಗೆ ಹುಳ, ಹುಳದ ಹಿಂದೆ ಮರಕುಟಿಗ, ಅದು ಅವುಗಳ ಪಾಲು.

“ನೀವು ಇರುವ ಫ್ಲಾಟು ಕಾಂಕ್ರೀಟಿನದ್ದು ಅಂತ ನಿಮ್ಗೆ ಗೊತ್ತುಂಟು ಅಲ್ವಾ?” ಅಂತ ಮಕ್ಕಳನ್ನು ಕೇಳಿದರು. “ಅದಕ್ಕಿಂತ ಮೊದಲು ಅದು ಮರದ್ದು. ಕಂಬ, ಜಂತಿ, ಮೆಟ್ಟಿಲು ಎಲ್ಲ ಮೊದಲು ಹಲಗೆಯ ಪೆಟ್ಟಿಗೆ. ಅದರೊಳಗೆ ಕಾಂಕ್ರೀಟು ಹೊಯ್ದು, ಗಟ್ಟಿಯಾದ ಮೇಲೆ ಹಲಗೆ ತೆಗಿಯೂದು. ಗೋಡೆಗೆ ಬಣ್ಣ ಹಚ್ಚದ ಜಾಗ ಇದ್ರೆ ಕೈ ಆಡಿಸಿ ನೋಡಿ. ಮರದ ಗೆರೆ ಅಲ್ಲಿ ಅಚ್ಚಾಗಿರ್ತದೆ.”

ಸೆಂಟ್ರಿಂಗ್ ಕೆಲಸ ಕಂಡ ದೊಡ್ಡವರು ಅಲ್ಲಿ ಬೇಕಾದಷ್ಟಿದ್ದರು. ಆದರೂ ಹಾಗೆ ಯಾರೂ ಯೋಚನೆ ಮಾಡಿರಲಿಲ್ಲ. ಒಂದು ಮರುಭೂಮಿಯ ದ್ವೀಪ ಪೂರ್ತಿ ಹಿಮದ ಕಾಡಿನೊಳಗೆ ಅಚ್ಚು ಹೊಯ್ದದ್ದು ಅಂತ.

ಅನಿಷಾಳ ಪಕ್ಕದ ಹುಡುಗಿ, ಅದೇ ಕಳ್ಳಿನ ಮರದ ಪ್ರಶ್ನೆ ಕೇಳಿದವಳು, ಕೈ ಎತ್ತಿ, ಎರಡು ಹಲಗೆಯನ್ನು ನೋಡದೆ ಗುರುತಿಸುವುದು ಹೇಗೆ ಅಂತ ಕೇಳಿದಳು. ಮೂಗಿನಿಂದ ಅಂದರು ಸರ್ವೋತ್ತಮಣ್ಣ. ಮತ್ತೆ ಸಾಲು ನಿಂತಿತು. ಕಣ್ಣಿಗೆ ಪಂಕಜಾಕ್ಷಿಯ ಶಾಲು ಕಟ್ಟಿ, ಒಬ್ಬೊಬ್ಬರಾಗಿ ಮೂಸಿದರು. ಸಣ್ಣವರು ಬೇಗ ಕಲಿತರು, ದೊಡ್ಡವರು ಎಡವಿದರು. ಕೊನೆಗೆ ಮಕ್ಕಳೆಲ್ಲ ಸೇರಿ ತಾರಾನಾಥನನ್ನೂ ಎಳೆದು ತಂದರು. ಅವನು ಪೈನ್ ಹಲಗೆಯನ್ನು ದೀರ್ಘವಾಗಿ ಮೂಸಿ, ಆಸ್ಪತ್ರೆಯ ವರಾಂಡ ಒರೆಸುವ ಫಿನಾಯಿಲಿನ ಹಾಗೆ ಉಂಟಲ್ಲ ಮಾರಾಯ ಅಂದ. ಅದು ತಪ್ಪೇನೂ ಅಲ್ಲ, ಆ ವಾಸನೆ ಬಂದದ್ದೇ ಪೈನ್ ಎಣ್ಣೆಯಿಂದ ಅಂತ ಸರ್ವೋತ್ತಮಣ್ಣ ಅವನ ಮರ್ಯಾದೆ ಉಳಿಸಿದರು. ಮಕ್ಕಳು ಉಳಿಸಲಿಲ್ಲ. ಅವತ್ತಿನಿಂದ ತಾರಾನಾಥ ಮೈಕಿನಲ್ಲಿ ‘ಹಲೋ’ ಅಂದರೆ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಫಿನಾಯಿಲ್ ಮಾಮ ಅನ್ನುತ್ತಾರೆ.

ಬೈನೆ ಅನ್ನುವ ಹೆಸರು ಹೋಯಿತಾ ಅಂತ ನೀವು ಕೇಳಬಹುದು. ಇಲ್ಲ. ದೊಡ್ಡವರ ಬಾಯಿಯಲ್ಲಿ ಅದು ಹಾಗೆಯೇ ಉಂಟು. ಮಕ್ಕಳು ಕೂಸು ಅಂಕಲ್ ಅನ್ನುತ್ತಾರೆ. ಒಂದನ್ನು ಕಳಚಲು ಹೋಗಿ ಎರಡು ಮಾಡಿಕೊಂಡರು ಅಂತ ಪಂಕಜಾಕ್ಷಿ ಗೇಲಿ ಮಾಡುತ್ತಾರೆ. ಸರ್ವೋತ್ತಮಣ್ಣನಿಗೆ ಈಗ ಯಾವುದೂ ಚುಚ್ಚುವುದಿಲ್ಲ. ಆ ಶುಕ್ರವಾರ ಕಾರಿನಲ್ಲಿ ಮನೆಗೆ ಹೋಗುವಾಗ ಅನಿಷಾ ಹಿಂದಿನ ಸೀಟಿನಿಂದ, ಕನ್ನಡದಲ್ಲಿ, “ಅಪ್ಪ, ನಂಗೆ ಒಂದು ಪೀಸ್ ಕೂಸಿ ಬೇಕು, ಸ್ಕೂಲಿಗೆ ತಗೊಂಡು ಹೋಗ್ಲಿಕ್ಕೆ” ಅಂದಳಂತೆ. ಅದನ್ನು ಹೇಳುವಾಗ ಅವರು ಮುಖ ಆಚೆ ತಿರುಗಿಸುತ್ತಾರೆ.

ಪಿರ್ಕೋ ಬರುವ ಬೇಸಿಗೆಗೆ ತಮ್ಮ ಊರಿಗೆ ಕರೆದಿದ್ದಾರೆ. ರಾಶಿದ್ ರಜೆ ಕೊಡುತ್ತೇನೆ ಅಂದಿದ್ದಾನೆ, ವೀಸಾದ ಕಾಗದ ಓಡುತ್ತಿದೆ. ನಿಂತ ಮರ ನೋಡಿ ಬಂದ ಮೇಲೆ ಅವರು ಎಷ್ಟು ಮಾತಾಡುವವರಾಗುತ್ತಾರೋ ಹೇಳಲಾಗುವುದಿಲ್ಲ. ಈಗಲೇ ಒಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಬಿಡುವುದಿಲ್ಲ. ಹಾಗಾಗಿ ಹಿದ್ ಕಡೆ ಕೆಲಸ ಬಿದ್ದರೆ ಬಂದರಿನ ರಸ್ತೆಯಲ್ಲಿ ಬಲಕ್ಕೆ ತಿರುಗಿ, ಮನೆಯಷ್ಟು ಎತ್ತರದ ಬಿಳಿ ಕಟ್ಟುಗಳು ಕಾಣುವಲ್ಲಿ ಗಾಡಿ ನಿಲ್ಲಿಸಿ. ಹಲಗೆ ತೆಗೆದುಕೊಳ್ಳಬೇಕು ಅಂತ ಇಲ್ಲ. ಗೇಟಿನವನ ಹತ್ತಿರ ಸರ್ವೋತ್ತಮಣ್ಣ ಎಲ್ಲಿ ಅಂತ ಕೇಳಿ, ಒಳಗೆ ಹೋಗಿ, ಮಾತಾಡಿಸಿ ಬನ್ನಿ.